ಮೂರನೆಯ ಚೀಟಿ

ಕೆಳದವಡೆಯ ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಹಲ್ಲಕ್ಕ ಎಷ್ಟು ಹೊತ್ತು ಹಾಗೇ ಕೂತಿದ್ದಳೋ, ಎದುರಿನ ಕುರ್ಚಿಯಲ್ಲಿ ಬೋಳುಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ ಮಾಜಿ ಬಸ್ ಕಂಡಕ್ಟರ್ ಗಂಟಲು ಸರಿಮಾಡಿಕೊಂಡ ಮೇಲೇ ಅವಳಿಗೆ ತಾನು ಎಲ್ಲಿದ್ದೇನೆಂಬುದು ನೆನಪಾಯಿತು. ಎಡಗಡೆ ಅಗಿಯುವಾಗ ಟಕ್ಕೆನ್ನುತ್ತದೆ, ಹೆಂಡತಿ ನಗುತ್ತಾಳೆ ಎಂಬುದು ಅವನ ದೂರು. ಕಟ್ಟಿಸಿಕೊಂಡ ಹಲ್ಲಿನಲ್ಲಿ ಇದೇನೂ ದೊಡ್ಡ ಮಾತಲ್ಲ. ನೀಲಿ ಕಾಗದದ ಪಟ್ಟಿಯೊಂದನ್ನು ಮೇಲಿನ ಕೆಳಗಿನ ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿದರೆ ಎಲ್ಲಿ ಎತ್ತರವಿದೆಯೋ ಅಲ್ಲಿ ಮಾತ್ರ ನೀಲಿ ಅಂಟುತ್ತದೆ; ಅಷ್ಟನ್ನೇ, ಕೂದಲೆಳೆಯಷ್ಟು, ತಿರುಗುವ ಸಣ್ಣ ಕಲ್ಲಿಗೆ ಹಿಡಿದು ತೆಗೆದರೆ ಮುಗಿಯಿತು. ಮೂವತ್ತೈದು ವರ್ಷದಿಂದ ಕಣ್ಣು ಮುಚ್ಚಿಕೊಂಡು ಮಾಡುತ್ತ ಬಂದ ಕೆಲಸ. ಬಾಯಿಯದು ಎಂದೂ ತಪ್ಪಲ್ಲ, ತಪ್ಪಿರುವುದು ಸೆಟ್ಟಿನಲ್ಲೇ ಎಂದು ಅಪ್ಪ ಇದೇ ಕುರ್ಚಿಯ ಪಕ್ಕ ನಿಂತು ಕಲಿಸಿದ್ದ. ಇವತ್ತು ಕಲ್ಲು ತಿರುಗುತ್ತಿದ್ದಾಗ ಅವಳ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಹನ್ನೊಂದೂಕಾಲು. ಸಂಜೆ ಆರಕ್ಕೆ ಇನ್ನು ಏಳು ಗಂಟೆಯೂ ಇಲ್ಲ. ಏಳು ದಿನದ ಗಡುವು ಕೊನೆಗೆ ಇಷ್ಟಕ್ಕೆ ಬಂದು ನಿಂತಿದೆ, ಅವಳ ಚೀಟಿ ಇನ್ನೂ ಖಾಲಿ. ಕೈ ಒತ್ತಿದ್ದು ಗೊತ್ತಾದದ್ದು ಸುಟ್ಟ ವಾಸನೆ ಮೂಗಿಗೆ ಬಡಿದಾಗ. ದವಡೆಹಲ್ಲೊಂದು ಅರ್ಧಕ್ಕೆ ಸವೆದು ಚಪ್ಪಟೆಯಾಗಿತ್ತು.

ಕಂಡಕ್ಟರ್ ಒಳ್ಳೆಯವನು, ರೇಗಲಿಲ್ಲ. ರೇಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ತನ್ನ ಬೋಳುಬಾಯಲ್ಲೇ ಅನುಕಂಪದಿಂದ ನಕ್ಕು, ವಯಸ್ಸಾದ ಮೇಲೆ ಯಾರಿಗಾದರೂ ಹೀಗಾಗುತ್ತದೆ, ತಂಗಿಯವರೇ ಒಂದು ಸಲ ನೋಡಲಿ ಬಿಡಿ ಎಂದ. ಪಕ್ಕದ ಮೇಜಿನಲ್ಲಿ ಮೇಣದ ಮೇಲೆ ಮುಂದಿನ ಹಲ್ಲು ಜೋಡಿಸುತ್ತಿದ್ದ ತಂಗಿ ಎದ್ದು ಬಂದು, ಅಕ್ಕನ ಕೈಯಿಂದ ಸೆಟ್ಟನ್ನು ಮೆಲ್ಲಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿದಳು. ಈ ಹಲ್ಲನ್ನು ಕಿತ್ತು ಹೊಸದು ಕೂರಿಸಿ ನಾಳೆ ಕೊಡುತ್ತೇವೆ, ಅಲ್ಲಿಯವರೆಗೆ ಮನೆಯಲ್ಲಿರುವ ಹಳೆಯ ಸೆಟ್ಟನ್ನೇ ಹಾಕಿಕೊಳ್ಳಿ, ಹೆಂಡತಿ ನಕ್ಕರೆ ನೀವೂ ನಗಿ ಎಂದು ಹೇಳಿ ಅವನನ್ನು ಸಾಗಹಾಕಿದಳು. ಅವನು ಹೋದ ಮೇಲೆ ಬಿಸಿ ಸಲಾಕೆಯಿಂದ ಆ ಹಲ್ಲಿನ ಸುತ್ತ ಬಿಡಿಸುತ್ತ ಕೂತಳು. ನಲವತ್ತೊಂಬತ್ತು ವರ್ಷದ ಅವಳ ಬೆನ್ನು ಅಕ್ಕನದಕ್ಕಿಂತ ನೆಟ್ಟಗಿದೆ. ಕೂದಲಿಗೆ ಕಟ್ಟಿಕೊಂಡಿದ್ದ ಹಳದಿ ಬಟ್ಟೆಯ ಗಂಟಿಗೆ ಪ್ಲಾಸ್ಟರಿನ ಪುಡಿ ಹತ್ತಿತ್ತು. ಇದನ್ನೆಲ್ಲ ಹೀಗೆ ಒಂದೊಂದಾಗಿ ನೋಡುತ್ತಿದ್ದೇನಲ್ಲ, ಊರು ಬಿಡುವವರ ಸಾಮಾನು ನೋಡುವ ಹಾಗೆ, ಎಂದು ಹಲ್ಲಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು.

ಹಲ್ಲಕ್ಕ ಎಂಬ ಹೆಸರು ಕೊಟ್ಟದ್ದು ಪ್ರಾರ್ಥನಾಮಂದಿರದವರು. ಅಲ್ಲಿ ಅರ್ಧ ಜನ ಹಾಡುವುದು ಅವಳು ಕಟ್ಟಿದ ಹಲ್ಲಿನಲ್ಲೇ. ಮೂವತ್ತು ನಲವತ್ತು ಮನೆಗಳ ಚಿಕ್ಕ ಸಭೆ ಅದು, ಒಬ್ಬರ ಮನೆಯ ಕೆಮ್ಮು ಇನ್ನೊಬ್ಬರ ಮನೆಗೆ ಕೇಳುವಂಥದು. ಅವರಲ್ಲಿ ಒಂದು ರೂಢಿ ಹಿಂದಿನಿಂದ ನಡೆದುಬಂದಿದೆ. ಸಭೆಯ ಯಾರಾದರೂ ಮದುವೆಗೋ, ಊರು ಬಿಡುವುದಕ್ಕೋ, ದೇವರ ಸೇವೆಗೆ ಹೊರಡುವುದಕ್ಕೋ ಮನಸ್ಸು ಮಾಡಿದರೆ ಮೂವರನ್ನು ಗೊತ್ತುಮಾಡುತ್ತಾರೆ: ಸಭೆಯ ಪಾದ್ರಿಗಳಾದ ಅಯ್ಯನವರು ಒಬ್ಬರು, ಸಭೆಯ ಹಿರಿಯರು ಒಬ್ಬರು, ಮನೆಯವರು ಒಬ್ಬರು. ಮೂವರೂ ಏಳು ದಿನ, ಒಬ್ಬರ ಹತ್ತಿರ ಒಬ್ಬರು ಆ ಮಾತು ಎತ್ತದೆ, ದೇವರ ಚಿತ್ತವೇನೆಂದು ಪ್ರಾರ್ಥನೆಯಲ್ಲಿ ಕೇಳಬೇಕು. ಏಳನೆಯ ದಿನ ಸಂಜೆ ಹೌದು ಅಥವಾ ಇಲ್ಲ ಎಂದು ಬರೆದು ಮಡಚಿದ ಚೀಟಿಗಳನ್ನು ಎಲ್ಲರ ಮುಂದೆ ತೆರೆಯುತ್ತಾರೆ. ಮೂರೂ ಹೌದಾದರೆ ಹೊರಡಬಹುದು. ಒಂದು ಇಲ್ಲ ಬಂದರೂ ಮಾತು ಅಲ್ಲಿಗೆ ನಿಂತಿತು, ಯಾರೂ ಏಕೆಂದು ಕೇಳುವ ಹಾಗಿಲ್ಲ, ಬರೆದವರೂ ಹೇಳುವ ಹಾಗಿಲ್ಲ. ದೇವರ ಚಿತ್ತಕ್ಕೆ ಕಾರಣ ಕೇಳುವುದುಂಟೆ?

ಈ ಸಲ ಹೊರಟು ನಿಂತವಳು ತಂಗಿ. ಹತ್ತು ಗಂಟೆ ಬಸ್ಸಿನ ದೂರದಲ್ಲಿ ಯಾರೂ ದಿಕ್ಕಿಲ್ಲದ ಮುದುಕಿಯರ ಆಶ್ರಮವೊಂದಿದೆ. ಹೋದ ವರ್ಷ ಅಲ್ಲಿನ ಇಪ್ಪತ್ತೆಂಟು ಮುದುಕಿಯರಿಗೆ ಸಭೆಯ ಕಡೆಯಿಂದ ಹಲ್ಲು ಕಟ್ಟಿಕೊಟ್ಟರು, ತಂಗಿ ಹೋಗಿ ಹಾಕಿ ಬಂದಳು. ಎರಡು ತಿಂಗಳಿಗೆ ಆಶ್ರಮದಿಂದ ಫೋನು. ಹೊಸದಾಗಿ ಬಂದ ಆಯಾ ಒಬ್ಬಳು ಅಚ್ಚುಕಟ್ಟಿನವಳು. ಎಲ್ಲರ ಹಲ್ಲನ್ನೂ ರಾತ್ರಿ ಒಂದೇ ಬಕೆಟ್ಟಿಗೆ ಹಾಕಿ ಸೋಪಿನ ನೀರಲ್ಲಿ ನೆನೆಸಿಟ್ಟು, ಬೆಳಗ್ಗೆ ಯಾರದು ಯಾರದೆಂದು ತಿಳಿಯದೆ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಐವತ್ತಾರು ದವಡೆ. ತಂಗಿ ನಗುತ್ತಲೇ ಬಸ್ಸು ಹತ್ತಿದಳು. ಒಂದೊಂದೇ ಬಾಯಿಗೆ ಒಂದೊಂದೇ ಸೆಟ್ಟು ಹಿಡಿದು ನೋಡಿ, ತೊಳೆದು, ಮತ್ತೆ ಹಿಡಿದು, ಎರಡು ದಿನದಲ್ಲಿ ಮುಗಿಯಬೇಕಾದದ್ದು ಒಂಬತ್ತು ದಿನವಾಯಿತು. ಏಕೆಂದರೆ ಪ್ರತಿಯೊಬ್ಬ ಮುದುಕಿಯೂ ಬಾಯಿ ತೆರೆದದ್ದೇ ತನ್ನ ಕಥೆ ಹೇಳುವುದಕ್ಕೆ ಶುರುಮಾಡಿದ್ದಳು. ಹಿಂದಿರುಗಿ ಬಂದ ತಂಗಿ ಚೀಲ ಕೆಳಗಿಡುವ ಮೊದಲೇ ಬೇರೆಯವಳಾಗಿದ್ದಳು. ಅದು ಹಲ್ಲಕ್ಕನಿಗೆ ಆ ಕ್ಷಣವೇ ಗೊತ್ತಾಗಿತ್ತು, ಆದರೂ ಗೊತ್ತಾಗದವಳ ಹಾಗೆ ಚಹಾಕ್ಕೆ ನೀರಿಟ್ಟಿದ್ದಳು. ಈಗ ಆಶ್ರಮದವರು ಇಲ್ಲೇ ಬಂದು ಇದ್ದು ಇವರನ್ನೆಲ್ಲ ನೋಡಿಕೊಳ್ಳುತ್ತೀರಾ ಎಂದು ಕೇಳಿದ್ದಾರೆ. ತಂಗಿ ಅದನ್ನು ಸಭೆಯ ಮುಂದೆ ಇಟ್ಟಿದ್ದಾಳೆ. ಮನೆಯವರ ಕಡೆಯಿಂದ ಚೀಟಿ ಬರೆಯುವುದಕ್ಕೆ ಮನೆಯಲ್ಲಿ ಇನ್ನು ಯಾರಿದ್ದಾರೆ?

ಹಲ್ಲಕ್ಕ ಪ್ರಾರ್ಥಿಸಲಿಲ್ಲ ಅಂತಲ್ಲ. ಏಳು ದಿನವೂ ಬೆಳಗ್ಗೆ ಐದಕ್ಕೆ ಎದ್ದು ಮಂಚದ ಪಕ್ಕ ಮೊಣಕಾಲೂರಿದ್ದಳು. ಮೊಣಕಾಲು ಮೊದಲಿನ ಹಾಗಿಲ್ಲ, ಕೆಳಗೆ ದಿಂಬು ಬೇಕು. ಕಣ್ಣು ಮುಚ್ಚಿದರೆ ಸಾಕು, ಕಾರಣಗಳು ಸಾಲುಗಟ್ಟಿ ಬರುತ್ತಿದ್ದವು: ತಂಗಿಗೆ ರಕ್ತದೊತ್ತಡವಿದೆ, ಆ ಊರಿನ ಥಂಡಿ ಅವಳಿಗೆ ಆಗುವುದಿಲ್ಲ, ಮುದುಕಿಯರನ್ನು ಎತ್ತಿ ಇಳಿಸುವಷ್ಟು ಶಕ್ತಿ ಎಲ್ಲಿದೆ, ಮುಂದಿನ ಹಲ್ಲಿನ ಬಣ್ಣ ಹೊಂದಿಸುವುದು ಅವಳೊಬ್ಬಳಿಗೇ ಬರುವುದು. ಎಷ್ಟು ಗಂಭೀರವಾದ, ಎಷ್ಟು ಶಾಂತವಾದ ದನಿಯಲ್ಲಿ ಈ ಮಾತುಗಳು ಬರುತ್ತಿದ್ದವೆಂದರೆ, ಬೇರೆ ಯಾರಾದರೂ ಆಗಿದ್ದರೆ ದೇವರೇ ಮಾತಾಡುತ್ತಿದ್ದಾನೆಂದು ನಂಬಿಬಿಡಬಹುದಿತ್ತು. ಹಲ್ಲಕ್ಕನಿಗೆ ಆ ದನಿಯ ಗುರುತಿದೆ. ಇಪ್ಪತ್ತಾರು ವರ್ಷದ ಹಿಂದೆ ಅದನ್ನು ಒಮ್ಮೆ ಕೇಳಿದ್ದಾಳೆ, ಅದರ ಮಾತಿನ ಪ್ರಕಾರ ಬರೆದಿದ್ದಾಳೆ.

ಆಗ ಮಂದಿರದ ಹಳೆಯ ಆರ್ಗನ್ನು ಕೆಟ್ಟು, ಅದರ ತಿದಿಗಳನ್ನು ಸರಿಮಾಡುವುದಕ್ಕೆ ಒಬ್ಬ ಬಂದಿದ್ದ. ತಿಂಗಳಲ್ಲಿ ಮುಗಿಯುವ ಕೆಲಸವನ್ನು ನಾಲ್ಕು ತಿಂಗಳು ಮಾಡಿದ. ಜೋರಾಗಿ ನಗುವವನು, ಅವನು ನಕ್ಕರೆ ಕಿಟಕಿಯ ಗಾಜು ಅಲ್ಲಾಡುತ್ತದೆ ಎಂದು ತಂಗಿ ಮನೆಗೆ ಬಂದು ಹೇಳುತ್ತಿದ್ದಳು. ಇಪ್ಪತ್ತಮೂರರ ಹುಡುಗಿ, ಅಷ್ಟು ಹೇಳುವುದರಲ್ಲೇ ಕೆನ್ನೆ ಕೆಂಪಾಗುತ್ತಿತ್ತು. ಅವನು ಕೇಳಿದ, ಇವಳು ಒಪ್ಪಿದಳು, ಸಭೆ ಮೂವರನ್ನು ಗೊತ್ತುಮಾಡಿತು. ಅಪ್ಪ ತೀರಿಕೊಂಡು ವರ್ಷವಾಗಿತ್ತು, ಅಮ್ಮನಿಗೆ ಒಂದು ಮಗ್ಗುಲು ಬಿದ್ದುಹೋಗಿತ್ತು. ಮನೆಯವರ ಕಡೆಯ ಚೀಟಿ ಮೂವತ್ತರ ಅಕ್ಕನಿಗೇ ಬಂತು. ಅವಳು ಮೊದಲನೆಯ ದಿನವೇ ಬರೆದುಬಿಟ್ಟಿದ್ದಳು. ಮೊಣಕಾಲೂರುವ ಮೊದಲೇ, ಅಮ್ಮನ ಹಾಸಿಗೆಯ ಬಟ್ಟೆ ಒಗೆದು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಅಡಿಗೆಮನೆಯ ಕಟ್ಟೆಯ ಮೇಲೆ ಕಾಗದವಿಟ್ಟು, ಇಲ್ಲ. ಒಂದೇ ಪದ. ಉಳಿದ ಆರು ದಿನ ಅವಳು ಪ್ರಾರ್ಥನೆಗೆ ಕೂತದ್ದು ನಿಜ, ಆದರೆ ಅದು ಕದ ಹಾಕಿ ಚಿಲಕ ಜಡಿದು ಒಳಗೆ ಕೂತ ಹಾಗೆ. ಏಳನೆಯ ದಿನ ಚೀಟಿ ತೆರೆದಾಗ ಎರಡು ಹೌದು, ಒಂದು ಇಲ್ಲ. ತಂಗಿ ತಲೆಬಾಗಿ, ದೇವರ ಚಿತ್ತದಂತೆ ಆಗಲಿ ಎಂದಳು. ಸಭೆಯ ಹೆಂಗಸರೆಲ್ಲ ಇಂಥ ವಿಧೇಯತೆ ನೋಡಿಲ್ಲವೆಂದು ಕಣ್ಣೊರೆಸಿಕೊಂಡರು. ಅವನು ಮೂರ್ನಾಲ್ಕು ವರ್ಷ ಹೊಸವರ್ಷಕ್ಕೆ ಕಾರ್ಡು ಕಳಿಸಿದ, ಆಮೇಲೆ ಅದೂ ನಿಂತಿತು. ಅಮ್ಮ ಹನ್ನೊಂದು ವರ್ಷ ಮಲಗಿದ್ದು ಹೋದಳು. ಇಬ್ಬರೂ ಅಕ್ಕಪಕ್ಕದ ಮೇಜಿನಲ್ಲಿ ಕೂತು ಊರಿನ ಬಾಯಿಗಳಿಗೆ ಹಲ್ಲು ಕಟ್ಟಿದರು. ಸುಖವಾಗಿರಲಿಲ್ಲ ಅನ್ನುವಂತಿಲ್ಲ, ಅದೇ ಕಷ್ಟ. ಸುಖವಾಗಿಯೇ ಇದ್ದರು. ಒಂದೊಂದು ಸಲ ಇಬ್ಬರೂ ನಗುವಾಗ, ಕದ್ದ ವಸ್ತುವನ್ನು ಎಲ್ಲರ ಮುಂದೆ ಧರಿಸಿಕೊಂಡು ಕೂತವಳ ಹಾಗೆ ಹಲ್ಲಕ್ಕನಿಗೆ ನಡುವೆಯೇ ನಗು ನಿಲ್ಲುತ್ತಿತ್ತು.

ಈಗ ಇಲ್ಲ ಎಂದು ಬರೆದರೆ ಅದು ಅದೇ ಹಳೆಯ ಕೈ. ಹೌದು ಎಂದು ಬರೆದರೆ? ಅದೂ ದೇವರದೆಂದು ಹೇಗೆ ಹೇಳುವುದು, ಮಾಡಿದ ತಪ್ಪಿಗೆ ತಾನೇ ವಿಧಿಸಿಕೊಂಡ ದಂಡವಿರಬಹುದು. ತಂಗಿಯನ್ನು ಕಳಿಸಿ, ಖಾಲಿ ಮನೆಯಲ್ಲಿ ಕೂತು, ನೋಡು ದೇವರೇ ನಾನು ತೀರಿಸಿಬಿಟ್ಟೆ ಎಂದು ಬೀಗುವ ಆಸೆ. ಎತ್ತ ತಿರುಗಿದರೂ ತಾನೇ ಎದುರು ಬರುತ್ತೇನೆ, ದೇವರು ನಿಲ್ಲುವುದಕ್ಕೆ ಒಂದು ಗೇಣು ಜಾಗವನ್ನೂ ನಾನು ಬಿಟ್ಟಿಲ್ಲ ಎಂದು ಅವಳಿಗೆ ಅನ್ನಿಸಿತು. ಎಷ್ಟು ಮನೆಗಳಲ್ಲಿ, ಎಷ್ಟು ಹಾಸಿಗೆಗಳ ಪಕ್ಕ, ಎಷ್ಟು ಪೆಟ್ಟಿಗೆಗಳನ್ನು ಮಣ್ಣಿಗಿಳಿಸುವಾಗ ಅವಳು ನಿನ್ನ ಚಿತ್ತದಂತೆ ಆಗಲಿ ತಂದೆಯೇ ಎಂದು ಮುಂದಾಗಿ ಹೇಳಿದ್ದಾಳೆ. ಬೇರೆಯವರ ದುಃಖಕ್ಕೆ ಆ ಮಾತು ಎಷ್ಟು ಸಲೀಸಾಗಿ ಬರುತ್ತಿತ್ತು. ಮಗು ಕಳೆದುಕೊಂಡ ಬ್ರೆಡ್ ಅಂಗಡಿಯವನ ಹೆಂಡತಿ ಒಮ್ಮೆ ಅವಳನ್ನು ತಲೆಯೆತ್ತಿ ನೋಡಿದ್ದಳು, ಬರೀ ನೋಡಿದ್ದಳು. ಆ ನೋಟದ ಅರ್ಥ ಹಲ್ಲಕ್ಕನಿಗೆ ಇವತ್ತು ಆದ ಹಾಗೆ ಅವತ್ತು ಆಗಿರಲಿಲ್ಲ.

"ಅಕ್ಕ, ಊಟಕ್ಕೆ ಏಳಲ್ವಾ?" ಎಂದು ತಂಗಿ ಕೇಳಿದಳು. ಒಂದೂವರೆಯಾಗಿತ್ತು. ಹಲ್ಲಕ್ಕ ರಬ್ಬರ್ ಬಟ್ಟಲಿನಲ್ಲಿ ಪ್ಲಾಸ್ಟರ್ ಕಲಸುತ್ತಿದ್ದಳು. ನೀರು ಹಾಕಿದ ಮೇಲೆ ಪ್ಲಾಸ್ಟರ್ ಯಾರಿಗೂ ಕಾಯುವುದಿಲ್ಲ, ಮೂರು ನಾಲ್ಕು ನಿಮಿಷದಲ್ಲಿ ಅಚ್ಚಿಗೆ ಸುರಿಯಬೇಕು. ಅವಳು ಸುರಿಯಲಿಲ್ಲ. ಚಮಚ ಬಟ್ಟಲಿನಲ್ಲೇ ಇತ್ತು, ಅವಳು ತಂಗಿಯ ಮುಖ ನೋಡದೆ, ಬಟ್ಟಲಿಗೆ ಹೇಳುವವಳಂತೆ ಹೇಳತೊಡಗಿದಳು. ಆರ್ಗನ್ನಿನವನ ಮಾತು, ಆ ಚೀಟಿ, ಮೊದಲನೆಯ ದಿನ, ಒದ್ದೆ ಕೈ. ತಾನು ಕೇಳಲೇ ಇಲ್ಲ, ದೇವರನ್ನು ಒಂದು ಮಾತೂ ಕೇಳದೆ ಅವನ ಹೆಸರಿನಲ್ಲಿ ಬರೆದೆ. ಹೇಳುವುದು ಎರಡು ನಿಮಿಷವೂ ಹಿಡಿಯಲಿಲ್ಲ. ಇಪ್ಪತ್ತಾರು ವರ್ಷ ಹೊತ್ತದ್ದು ಎರಡು ನಿಮಿಷದ್ದು ಎಂದು ಅವಳಿಗೇ ನಾಚಿಕೆಯಾಯಿತು. ತಂಗಿ ಕೈಯಲ್ಲಿದ್ದ ಸಲಾಕೆಯನ್ನು ಮೇಜಿನ ಮೇಲೆ ನೇರವಾಗಿ ಇಟ್ಟಳು, ಅದು ಸೊಟ್ಟಗಿದೆಯೆಂದು ಮತ್ತೊಮ್ಮೆ ಸರಿಮಾಡಿದಳು.

"ಯಾಕೆ?" ಎಂದಳು ಕೊನೆಗೆ.

ಅಮ್ಮ ಮಲಗಿದ್ದಳು, ಒಬ್ಬಳೇ ಹೇಗೆ ಎತ್ತಲಿ ಅನ್ನಿಸಿತು ಎಂದಳು ಹಲ್ಲಕ್ಕ. ಅಪ್ಪ ಬಿಟ್ಟುಹೋದ ಕೆಲಸ ಅರ್ಧಕ್ಕಿತ್ತು, ಗಿರಾಕಿಗಳು ಬೇರೆ ಕಡೆ ಹೋಗುತ್ತಿದ್ದರು ಎಂದಳು. ಅವನು ಊರೂರು ತಿರುಗುವವನು, ನಿನ್ನನ್ನು ಎಲ್ಲಿ ನೆಲೆ ನಿಲ್ಲಿಸುತ್ತಾನೋ ಎಂಬ ಭಯವೂ ಇತ್ತು ಎಂದಳು. ತಂಗಿ ಎಲ್ಲವನ್ನೂ ಕೇಳಿಸಿಕೊಂಡು, "ಅಷ್ಟೇನಾ?" ಎಂದಳು.

ಅಷ್ಟೇ ಅಲ್ಲವೆಂದು ಹಲ್ಲಕ್ಕನಿಗೆ ಗೊತ್ತಿತ್ತು. ಆದರೆ ಉಳಿದದ್ದು ನಾಲಿಗೆಗೆ ಬರಲಿಲ್ಲ. ಅವರ ಮನೆಯಲ್ಲಿ ಅಂಥ ಮಾತು ಆಡುವ ಅಭ್ಯಾಸವಿರಲಿಲ್ಲ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದರು, ಬಿಸಿನೀರು ಕೊಡುತ್ತಿದ್ದರು, ಅದರಲ್ಲೇ ಎಲ್ಲ ಬಂತು. ಅವಳು ಹೂಂ ಎಂದಳು.

ತಂಗಿ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೊಡವಿದಳು. ಅವಳ ದನಿ ಏರಲಿಲ್ಲ. "ನಿಂಗೊತ್ತಾ, ನಾನು ಅವತ್ತಿಂದ ದೇವರ ಹತ್ರ ಸರಿಯಾಗಿ ಮಾತಾಡಿಲ್ಲ. ಎಲ್ಲರ ಮುಂದೆ ಆಗಲಿ ಅಂದ್ಬಿಟ್ಟೆ. ಒಳಗೆ ಕುದೀತಿದ್ದೆ. ನಾನೇನು ಕೇಳಿದ್ದೆ ಅಂತ ಕಿತ್ಕೊಂಡ ಅಂತ. ಹಾಡೋವಾಗ ಬಾಯಿ ಮಾತ್ರ ಆಡಿಸ್ತಿದ್ದೆ ಎಷ್ಟೋ ವರ್ಷ. ಆ ಮುದುಕಿಯರ ಹತ್ರ ಹೋದ್ಮೇಲೇನೇ ಸ್ವಲ್ಪ ಮಾತು ಶುರುವಾಗಿದ್ದು." ಅವಳು ನಿಂತು, ಸಣ್ಣಗೆ, ನಗುವಿಗೂ ಅಳುವಿಗೂ ಸೇರದಂತೆ ಉಸಿರು ಬಿಟ್ಟಳು. "ಪಾಪ, ದೇವರದೇನೂ ತಪ್ಪೇ ಇರ್ಲಿಲ್ಲ. ಸುಮ್ನೆ ಅವನ ಮೇಲೆ ಹಲ್ಲು ಮಸೆದೆ. ಹೋಗಬೇಡ ಕಣೇ ಅಂತ ನೀನೇ ಒಂದು ಮಾತು ಅಂದಿದ್ರೆ ಆಗ್ತಿರ್ಲಿಲ್ವಾ ಅಕ್ಕ? ಅದಕ್ಕೆ ಅವನನ್ನ ಯಾಕೆ ಎಳ್ಕೊಂಡು ಬಂದೆ?"

ಅಂದಿದ್ದರೆ ಇರುತ್ತಿದ್ದೆಯಾ ಎಂದು ಹಲ್ಲಕ್ಕ ಕೇಳಿದಳು. ಗೊತ್ತಿಲ್ಲ ಎಂದಳು ತಂಗಿ. "ಇರ್ತಿದ್ದೆನೋ, ಹೋಗ್ತಿದ್ದೆನೋ. ಆದ್ರೆ ನಾನು ಬೇಕು ಅಂತ ಒಬ್ರು ಬಾಯಿಬಿಟ್ಟು ಹೇಳಿದ್ದು ನಂಗೆ ಸಿಕ್ತಿತ್ತು." ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ಬಾಗಿಲನ್ನು ಬಡಿಯಲಿಲ್ಲ, ಎಂದಿನಂತೆ ಎಳೆದುಕೊಂಡು ಹೋದಳು. ಬಟ್ಟಲಿನಲ್ಲಿ ಪ್ಲಾಸ್ಟರ್ ಗಟ್ಟಿಯಾಗಿ ಚಮಚ ಅದರಲ್ಲೇ ನೆಟ್ಟಗೆ ನಿಂತಿತ್ತು.

ಆಮೇಲಿನ ಮೂರೂವರೆ ಗಂಟೆಯನ್ನು ಹಲ್ಲಕ್ಕ ಹೇಗೆ ಕಳೆದಳೆಂದು ಕೇಳಿದರೆ ಅವಳಿಗೂ ಹೇಳಲಾಗದು. ಬಟ್ಟಲನ್ನು ಹಿಂಡಿ ಪ್ಲಾಸ್ಟರಿನ ಗಡ್ಡೆ ಒಡೆದಳು, ಚಮಚ ಬಿಡಿಸಿದಳು, ಮೇಜು ಒರೆಸಿದಳು. ಇಬ್ಬರ ತಟ್ಟೆಯನ್ನೂ ಇಟ್ಟು ಇಬ್ಬರದನ್ನೂ ಮುಚ್ಚಿದಳು. ಗಿರಾಕಿಯೊಬ್ಬಳು ಬಂದು, ಹಲ್ಲು ಹಾಕಿಕೊಂಡಾಗ ಸೊಸೆಯ ಹೆಸರು ಹೇಳಲು ಬರುವುದಿಲ್ಲ, ಸಿಳ್ಳೆ ಬರುತ್ತದೆ ಎಂದು ದೂರಿದಳು. ನಾಳೆ ಬನ್ನಿ ಎಂದು ಕಳಿಸಿದಳು. ನಾಳೆ ಎಂದ ಮೇಲೆ, ನಾಳೆ ಈ ಮನೆಯಲ್ಲಿ ಯಾರು ಯಾರ ಜೊತೆ ಮಾತಾಡುತ್ತಿರುತ್ತಾರೋ ಎನ್ನಿಸಿತು. ಚೀಟಿ ಅಪ್ರನ್ನಿನ ಜೇಬಿನಲ್ಲಿತ್ತು. ತೆಗೆದು ಮೇಜಿನ ಮೇಲಿಟ್ಟು, ಪೆನ್ಸಿಲು ಹಿಡಿದು ಕೂತಳು. ಕೇಳಿಸುತ್ತದೇನೋ ಎಂದು ಕಾದಳು. ಹೊರಗೆ ಯಾರೋ ಸೈಕಲ್ಲಿನ ಗಾಳಿ ಹೊಡೆಯುತ್ತಿದ್ದರು, ಪಕ್ಕದ ಮನೆಯವರ ಕುಕ್ಕರು ಕೂಗಿತು. ಬೇರೇನೂ ಇಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ತೋಟದಲ್ಲಿ ಯೇಸು ಬೆವರಿಳಿಸುತ್ತ ಪ್ರಾರ್ಥಿಸಿದ್ದನ್ನು ಭಾನುವಾರದ ಪಾಠಕ್ಕೆ ಬರುವ ಮಕ್ಕಳಿಗೆ ಅವಳು ಎಷ್ಟು ಸಲ ಹೇಳಿಕೊಟ್ಟಿಲ್ಲ. ಹೇಳುವಾಗೆಲ್ಲ ಕೊನೆಯ ಮಾತನ್ನೇ, ನಿನ್ನ ಚಿತ್ತದಂತೆ ಆಗಲಿ ಎಂಬುದನ್ನೇ, ಒತ್ತಿ ಹೇಳುತ್ತಿದ್ದಳು, ನೋಡಿ ಮಕ್ಕಳೇ ಎಂಥ ವಿಧೇಯತೆ ಎಂದು. ಅದಕ್ಕೆ ಮೊದಲು ಅವನು ಇನ್ನೊಂದು ಮಾತು ಆಡಿದ್ದ. ಇದು ನನಗೆ ಬೇಡ ಎಂದೇ ಆಡಿದ್ದ. ಮುಚ್ಚುಮರೆಯಿಲ್ಲದೆ, ಮಗ ಅಪ್ಪನ ಹತ್ತಿರ ಹೇಳುವ ಹಾಗೆ, ಸಾಧ್ಯವಾದರೆ ತಪ್ಪಿಸು ಎಂದು. ಒಂದು ಸಲವಲ್ಲ, ಮತ್ತೆ ಮತ್ತೆ ಹೋಗಿ ಅದನ್ನೇ ಕೇಳಿದ್ದ. ಅದನ್ನು ಅವಳು ಯಾವಾಗಲೂ ಅವಸರದಲ್ಲಿ ದಾಟಿಹೋಗುತ್ತಿದ್ದಳು, ದೇವರ ಮಗನಿಗೆ ಅದು ಅಷ್ಟು ಶೋಭಿಸುವುದಿಲ್ಲ ಎಂಬಂತೆ. ಇಪ್ಪತ್ತಾರು ವರ್ಷದ ಹಿಂದೆ ಅವಳು ಮೊದಲ ಮಾತನ್ನು ಹೇಳದೆ ಎರಡನೆಯದನ್ನು ಮಾತ್ರ ಇಟ್ಟುಕೊಂಡಿದ್ದಳು. ಹೇಳದೆ ಬಿಟ್ಟ ಮಾತು ಹೋಗಿ ಎರಡನೆಯದರ ಹೊಟ್ಟೆಯೊಳಗೆ ಕೂತಿತ್ತು. ಪೆನ್ಸಿಲನ್ನು ಕೆಳಗಿಟ್ಟಳು. ಬರೆಯುವಂಥದು ಏನೂ ಇರಲಿಲ್ಲ.

ಐದಕ್ಕೆ ತಂಗಿ ಬಂದಳು. ಕಾಲು ತೊಳೆದು, ಮುಚ್ಚಿಟ್ಟ ತಟ್ಟೆ ತೆರೆದು, ನಿಂತಲ್ಲೇ ನಾಲ್ಕು ತುತ್ತು ತಿಂದಳು. ಎಲ್ಲಿ ಹೋಗಿದ್ದೆ ಎಂದು ಕೇಳುವ ಧೈರ್ಯ ಅಕ್ಕನಿಗಾಗಲಿಲ್ಲ. ತಂಗಿಯೇ ಹೇಳಿದಳು, ಮಂದಿರದಲ್ಲಿ ಯಾರೂ ಇರಲಿಲ್ಲ, ಹಿಂದಿನ ಬೆಂಚಿನಲ್ಲಿ ಕೂತಿದ್ದೆ, ದೇವರ ಹತ್ತಿರ ಕ್ಷಮೆ ಕೇಳುವುದಿತ್ತಲ್ಲ. "ನಿನ್ನ ವಿಷಯ ಆಮೇಲೆ. ಅದಿನ್ನೂ ಹೊಟ್ಟೇಲೇ ಇದೆ, ಒಂದಿನಕ್ಕೆ ಹೋಗಲ್ಲ," ಎಂದಳು. ಅಷ್ಟರ ಮೇಲೂ, ಹೊರಡುವಾಗ ಅಕ್ಕನ ಸೀರೆಯ ಅಂಚಿಗೆ ಹತ್ತಿದ್ದ ಪ್ಲಾಸ್ಟರನ್ನು ಬಗ್ಗಿ ಉಗುರಿನಿಂದ ಕೆರೆದು ತೆಗೆದಳು. ದಾರಿಯಲ್ಲಿ ರಸ್ತೆ ದಾಟುವಲ್ಲಿ ತಂಗಿ ಎಂದಿನಂತೆ ಅಕ್ಕನ ಮೊಣಕೈ ಹಿಡಿದಳು, ದಾಟಿದ ಮೇಲೆ ಬಿಟ್ಟಳು.

ಮಂದಿರದಲ್ಲಿ ಇಪ್ಪತ್ತೈದು ಜನವಿದ್ದರು. ಫ್ಯಾನು ಕಿರುಗುಡುತ್ತಿತ್ತು. ಹಾಡಾಯಿತು, ಓದಾಯಿತು. ಅಯ್ಯನವರು ಈ ಸಭೆಗೆ ಬಂದು ಎರಡೇ ವರ್ಷವಾಗಿದ್ದ ಯುವಕ, ಯಾರಿಗೂ ನೋವಾಗಬಾರದೆಂದು ಸದಾ ಅರ್ಧ ನಗುತ್ತಲೇ ಇರುವವರು. ಅವರು ತಮ್ಮ ಚೀಟಿಯನ್ನು ಮೇಜಿನ ಮೇಲಿಟ್ಟರು. ಹಿರಿಯರ ಕಡೆಯಿಂದ ನಿವೃತ್ತ ಪೋಸ್ಟ್‌ಮಾಸ್ಟರು ಎದ್ದು ಬಂದು ತಮ್ಮದನ್ನಿಟ್ಟರು. ಇಪ್ಪತ್ತಾರು ವರ್ಷದ ಹಿಂದೆಯೂ ಇಟ್ಟವರು ಅವರೇ. ಮೂರನೆಯದಕ್ಕೆ ಎಲ್ಲರೂ ಹಲ್ಲಕ್ಕನ ಕಡೆ ತಿರುಗಿದರು. ಅವಳು ಬೆಂಚು ಹಿಡಿದು ಎದ್ದಳು. ತನ್ನ ಚೀಟಿ ಖಾಲಿಯಿದೆ, ತನಗೆ ಏನೂ ಕೇಳಿಸಲಿಲ್ಲ ಎಂದಳು. ಹಿಂದಿನ ಸಲ ಕೂಡ ಏನೂ ಕೇಳಿಸಿರಲಿಲ್ಲ, ಆದರೂ ಬರೆದೆ, ಅದು ದೇವರದಲ್ಲ, ನನ್ನದು ಎಂದಳು. ಕುಳಿತವರಲ್ಲಿ ಕೆಲವರಿಗೆ ಮಾತ್ರ ಅದೇನೆಂದು ಗೊತ್ತಾಯಿತು. ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಇಷ್ಟು ಜನ ತನ್ನ ಬಾಯನ್ನೇ ನೋಡುತ್ತಿದ್ದಾರೆ, ಜನ್ಮವೆಲ್ಲ ಬೇರೆಯವರ ಬಾಯಿ ನೋಡುತ್ತ ಬಂದವಳನ್ನು. ಚೀಟಿಯ ಬದಲು ನಾನು ಪ್ರಾರ್ಥನೆ ಮಾಡುತ್ತೇನೆ ಎಂದಳು. ಯಾರೂ ಬೇಡವೆನ್ನಲಿಲ್ಲ. ಎಲ್ಲರೂ ತಲೆ ತಗ್ಗಿಸಿದರು.

"ತಂದೆಯೇ," ಎಂದಳು. ಪ್ರಾರ್ಥನೆಗೆಂದು ಅವಳು ಇಟ್ಟುಕೊಂಡಿದ್ದ ದೊಡ್ಡ ದನಿ ಬರಲಿಲ್ಲ, ಅಡಿಗೆಮನೆಯ ದನಿಯೇ ಬಂತು. "ನನ್ನ ತಂಗಿ ಹೋಗೋದು ನಂಗೆ ಬೇಡ. ಅವಳು ಇಲ್ಲೇ ಇರಬೇಕು. ಕೆಲಸಕ್ಕಲ್ಲ. ಕೆಲಸ ಹೇಗೋ ಆಗುತ್ತೆ. ಬೆಳಗ್ಗೆ ಎದ್ರೆ ಅವಳು ಮನೇಲಿರಬೇಕು. ನಂಗೆ ಅವಳು ಬೇಕು. ಅವತ್ತೂ ಬೇಕಿತ್ತು, ಹೇಳಲಿಲ್ಲ. ಇದು ನನ್ನ ಇಷ್ಟ, ನಿನ್ನ ಹೆಸರಲ್ಲಿ ಹೇಳ್ತಿಲ್ಲ." ಉಸಿರು ಸಾಲಲಿಲ್ಲ, ನಿಂತಳು. "ಆದ್ರೂ," ಎಂದಳು.

ಅಲ್ಲಿಂದ ಮುಂದಿನ ಮಾತು ಅವಳಿಗೆ ಸಾವಿರ ಸಲ ಆಡಿ ಗೊತ್ತಿದ್ದದ್ದೇ. ಬರಲಿಲ್ಲ. ಅದನ್ನು ಆಡಿದರೆ ಅದು ನಿಜವಾಗಿಯೂ ಆಗಿಬಿಡುತ್ತದೆ, ಮುಂದಿನ ವಾರವೋ ಅದರ ಮುಂದಿನ ವಾರವೋ ಬಸ್ಸು, ಖಾಲಿ ಮೇಜು, ಒಂದೇ ತಟ್ಟೆ. ಅಯ್ಯನವರು ಸ್ವಲ್ಪ ಹೊತ್ತು ನೋಡಿ, ಮುದುಕಿಗೆ ಕಷ್ಟವಾಗುತ್ತಿದೆಯೆಂದು ಕನಿಕರದಿಂದ, ಅವಳ ಪರವಾಗಿ ಮುಗಿಸುವುದಕ್ಕೆ "ನಿನ್ನ ಚಿತ್ತ..." ಎಂದು ಶುರುಮಾಡಿದರು. ತಂಗಿ ಕೂತಲ್ಲಿಂದಲೇ ಕೈ ಎತ್ತಿದಳು. "ತಡೀರಿ ಅಯ್ಯನೋರೇ. ಅವಳೇ ಹೇಳಲಿ. ಕಾಯೋಣ."

ಕಾದರು. ಯಾರೋ ಕೆಮ್ಮಿದರು, ಯಾರೋ ಬೆಂಚಿನ ಮೇಲೆ ಸರಿದು ಕೂತರು. ಎಷ್ಟು ಹೊತ್ತಾಯಿತೋ. ಹಲ್ಲಕ್ಕನಿಗೆ ಕಣ್ಣು ಮುಚ್ಚಿದ ಕತ್ತಲೆಯಲ್ಲಿ ಈ ಏಳು ದಿನದಲ್ಲಿ ಮೊದಲ ಸಲ ತನ್ನ ದನಿ ಕೇಳಿಸಲಿಲ್ಲ. ಹೇಳಬೇಕಾದದ್ದನ್ನು ಹೇಳಿಯಾಗಿತ್ತು, ಇನ್ನು ಅದಕ್ಕೆ ಒಳಗೆ ಮಾತಾಡುವ ಕೆಲಸವಿರಲಿಲ್ಲ. ಕಾರಣಗಳೂ ಬರಲಿಲ್ಲ. ಬಂದದ್ದು ಒಂದು ಥರದ ಮೌನ. ಅದರಲ್ಲಿ ಅಪ್ಪಣೆಯಿರಲಿಲ್ಲ, ಗದರಿಕೆಯೂ ಇರಲಿಲ್ಲ, ಅವಳು ಅಂದದ್ದನ್ನೆಲ್ಲ ಯಾರೋ ಕೊನೆಯವರೆಗೂ ಕೇಳಿಸಿಕೊಂಡು ಹತ್ತಿರವೇ ಕೂತಿದ್ದ ಹಾಗಿತ್ತು. ಕೇಳಿಸಿಕೊಂಡವರ ಮುಂದೆ ಹಟ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವಳಿಗೆ ಅಳು ಬಂತು, ಅಳುತ್ತಲೇ, ಮುರಿದು ಮುರಿದು, ಉಳಿದ ಮಾತನ್ನು ಹೇಳಿದಳು, ನಿನಗೆ ಹೇಗೆ ಬೇಕೋ ಹಾಗಾಗಲಿ ಎಂದು. ಯಾರ ಪೆಟ್ಟಿಗೆಯ ಮುಂದೆಯೂ ಅದು ಇಷ್ಟು ಕಷ್ಟದಲ್ಲಿ ಬಂದಿರಲಿಲ್ಲ, ಇಷ್ಟು ಹಗುರವೂ ಮಾಡಿರಲಿಲ್ಲ.

ಎಲ್ಲರ ಆಮೆನ್ ಆದ ಮೇಲೂ ತಂಗಿ ತಲೆ ಎತ್ತಲಿಲ್ಲ. ಅವಳ ಹೆಗಲು ಅಲ್ಲಾಡುತ್ತಿತ್ತು. ಹಲ್ಲಕ್ಕ ಪಕ್ಕದಲ್ಲಿ ಕೂತಳು, ಏನು ಮಾಡಬೇಕೆಂದು ತಿಳಿಯದೆ ಅವಳ ಹಣೆ ಮುಟ್ಟಿದಳು, ಜ್ವರ ನೋಡುವವಳ ಹಾಗೆ. ಮೇಜಿನ ಮೇಲಿದ್ದ ಚೀಟಿಗಳನ್ನು ತೆರೆಯಬೇಕೋ ಬೇಡವೋ ಎಂದು ತಿಳಿಯದೆ ಅಯ್ಯನವರು ನಿಂತೇ ಇದ್ದರು. ತಂಗಿ ಸೆರಗಿನಿಂದ ಮುಖ ಒರೆಸಿಕೊಂಡು, ಅಕ್ಕನ ಕೈಯನ್ನು ಹಣೆಯಿಂದ ತೆಗೆದು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೋಗಿ ಬರ್ತೀನಿ ಅಕ್ಕ," ಎಂದಳು.

"ಹೂಂ," ಎಂದಳು ಹಲ್ಲಕ್ಕ. "ಹೋಗಿ ಬಾ."